ಮೂವತ್ತನೇ ವರ್ಷದ ಬೇಸಿಗೆ

ನೋಡಮ್ಮ, ನಿನ್ನನ್ನು ಜಿಲ್ಲಾ ಕೇಂದ್ರದ ಕುಡಿಯುವ ನೀರಿನ ಯೋಜನೆಗೆ ಹಾಕಿದ್ದಾರೆ ಎಂದು ಕೇಳಿ ನನಗೆ ನಿಜಕ್ಕೂ ಹಿಗ್ಗಾಯಿತು. ರಸ್ತೆ ಕೆಲಸದಲ್ಲಿ ತಪ್ಪಾದರೆ ಮೊದಲ ಮಳೆಗೇ ಗೊತ್ತಾಗುತ್ತದೆ, ಜನ ಬೈಯುತ್ತಾರೆ, ಸರಿಮಾಡಬಹುದು. ನೀರಿನ ಅಂದಾಜಿನಲ್ಲಿ ಇವತ್ತು ಆದ ತಪ್ಪು ಇಪ್ಪತ್ತು ವರ್ಷ ಕಳೆದ ಮೇಲೆ, ಯಾವುದೋ ಏಪ್ರಿಲ್‌ನಲ್ಲಿ, ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡುವ ಹೆಂಗಸರ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅಂದಾಜು ಬರೆದವರೆಲ್ಲ ನಿವೃತ್ತರಾಗಿರುತ್ತಾರೆ. ಯೋಜನೆಯ ವಿವರವಾದ ವರದಿಯ (ಡಿಪಿಆರ್) ಕರಡು ಈಗ ನಿನ್ನ ಮೇಜಿನ ಮೇಲಿದೆಯಂತಲ್ಲ. ಅದಕ್ಕೆ ಸಹಿ ಬೀಳುವ ಮೊದಲು ಈ ನಾಲ್ಕು ಮಾತು ಕೇಳಿಸಿಕೋ.

ನಗರ ನೀರು ಸರಬರಾಜಿಗೆ ಕೇಂದ್ರದ ಕೈಪಿಡಿ ಹೇಳುವ ಯೋಜನಾ ಅವಧಿ 30 ವರ್ಷ. ಇದು ಎಲ್ಲರಿಗೂ ಬಾಯಿಪಾಠ. ಆದರೆ ಆ ಮೂವತ್ತನ್ನು ಎಲ್ಲಿಂದ ಎಣಿಸಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕಾಮಗಾರಿ ಮುಗಿದು ನೀರು ಹರಿದ ದಿನದಿಂದ ಎಣಿಸಬೇಕು. ವರದಿ ಬರೆದ ವರ್ಷದಿಂದ ಎಣಿಸಿದರೆ ಮಂಜೂರಾತಿ, ಟೆಂಡರು, ಭೂಸ್ವಾಧೀನ, ಅರಣ್ಯ ಇಲಾಖೆಯ ಒಪ್ಪಿಗೆ, ರೈಲ್ವೆ ಹಳಿ ದಾಟುವ ಅನುಮತಿ ಎಲ್ಲ ಸೇರಿ ಮೊದಲ ಎಂಟು ಹತ್ತು ವರ್ಷವನ್ನೇ ನುಂಗಿಬಿಡುತ್ತವೆ. ಬೆಂಗಳೂರನ್ನೇ ನೋಡು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡುವಾಗ ಸುತ್ತಲಿನ 110 ಹಳ್ಳಿಗಳನ್ನು ಸೇರಿಸಿಕೊಂಡರು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಕ್ಷೆಯ ಮೇಲೆ ಗೆರೆ ಎಳೆದ ದಿನಕ್ಕೂ ನೀರು ಬಂದ ದಿನಕ್ಕೂ ನಡುವೆ 17 ವರ್ಷ. ಅಷ್ಟೂ ಕಾಲ ಆ ಜನ ಬಹುಪಾಲು ಕೊಳವೆಬಾವಿ ಮತ್ತು ಟ್ಯಾಂಕರ್ ನಂಬಿ ಬದುಕಿದರು. ಅದೇ 2024ರ ಬೇಸಿಗೆಯಲ್ಲಿ, ಸರಕಾರವೇ ಹೇಳಿದಂತೆ, ನಗರದ ಸುಮಾರು 14,000 ಸರಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿಹೋದವು. ನಿಮ್ಮ ಊರಿನ ಸುತ್ತಲೂ ನಾಳೆ ಸೇರಬಹುದಾದ ಗ್ರಾಮ ಪಂಚಾಯಿತಿಗಳಿವೆ. ಅವು ಸೇರುವ ಮುನ್ನವೇ ಲೆಕ್ಕದೊಳಗೆ ತಗೋ. ಸೇರಿದ ಮೇಲೆ ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ.

ಜನಸಂಖ್ಯೆಯ ಅಂದಾಜಿಗೆ ಮೂರು ನಾಲ್ಕು ವಿಧಾನಗಳಿವೆ. ಒಂದೊಂದೂ ಒಂದೊಂದು ಸಂಖ್ಯೆ ಕೊಡುತ್ತದೆ, ಸರಾಸರಿ ಹಾಕಿ ಮುಂದೆ ಹೋಗುವುದು ರೂಢಿ. ಆದರೆ ಎಲ್ಲಕ್ಕೂ ಬುಡ ಹಳೇ ಜನಗಣತಿ. ನಮ್ಮ ಕೈಯಲ್ಲಿರುವ ಕೊನೆಯ ಗಣತಿ 2011ರದು. ಹತ್ತು ವರ್ಷದಲ್ಲಿ ಒಂದು ಊರು ಏನೇನಾಗಬಹುದು ಎಂಬುದಕ್ಕೂ ಬೆಂಗಳೂರೇ ಸಾಕ್ಷಿ: 1971ರಲ್ಲಿ ಸುಮಾರು 16.5 ಲಕ್ಷ ಇದ್ದದ್ದು 1981ರಲ್ಲಿ 29 ಲಕ್ಷ ದಾಟಿತ್ತು. ಅದಕ್ಕೇ ಮತದಾರರ ಪಟ್ಟಿ ನೋಡು, ಹೊಸ ವಿದ್ಯುತ್ ಸಂಪರ್ಕಗಳ ಸಂಖ್ಯೆ ಕೇಳು, ಬಡಾವಣೆಗಳ ಅನುಮೋದನೆ ಕಡತ ತರಿಸು, ಶಾಲೆಗಳ ದಾಖಲಾತಿ ನೋಡು. ವೈದ್ಯಕೀಯ ಕಾಲೇಜೋ ಕೈಗಾರಿಕಾ ಪ್ರದೇಶವೋ ಬರುವುದಿದ್ದರೆ ಊರು ಯಾವ ದಿಕ್ಕಿಗೆ ಬೆಳೆಯುತ್ತದೆ ಎಂಬುದೂ ಗೊತ್ತಾಗುತ್ತದೆ. ಓವರ್‌ಹೆಡ್ ಟ್ಯಾಂಕ್ ಎಲ್ಲಿರಬೇಕು ಎಂಬುದು ಅದರ ಮೇಲೆ ನಿಂತಿದೆ.

ಇನ್ನು ನೀರಿನ ಮೂಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಯ ಮೇಲೆ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರಿನ ಯೋಜನೆ ಬಂತು. ಆ ಕಾಲಕ್ಕೆ ದೊಡ್ಡ ದೂರದೃಷ್ಟಿ ಅದು. ಹಾಗಿದ್ದೂ 1920ರ ದಶಕದ ಬರಗಾಲದಲ್ಲಿ ಕೆರೆ ಒಣಗಿತು. ಅಲ್ಲಿಂದ ಕೆಳಗೆ, ಅರ್ಕಾವತಿಗೆ ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಕಟ್ಟಿದರು. ಅದು ದಶಕಗಳ ಕಾಲ ನಗರವನ್ನು ಸಾಕಿತು. ಆಮೇಲೆ ಅದರ ಜಲಾನಯನ ಪ್ರದೇಶದಲ್ಲಿ ಕೊಳವೆಬಾವಿಗಳು ಹೆಚ್ಚಿದವು, ನೀಲಗಿರಿ ತೋಪುಗಳು ಬಂದವು, ಹಳ್ಳ ಹಳ್ಳಕ್ಕೂ ಒಡ್ಡು ಬಿತ್ತು, ಪೀಣ್ಯದ ಕಡೆಯಿಂದ ಹೊಲಸು ಇಳಿಯಿತು. ಮಳೆ ಅಷ್ಟೇನೂ ಕಡಿಮೆಯಾಗಿರಲಿಲ್ಲ, ಹರಿವು ಮಾತ್ರ ಸತ್ತುಹೋಯಿತು. ಜಲಾನಯನ ಉಳಿಸಲು 2003ರಲ್ಲಿ ಸರಕಾರಿ ಆದೇಶ ಬಂದಾಗ ಬಹಳ ತಡವಾಗಿತ್ತು. 2012ರ ಸುಮಾರಿಗೆ ಅಲ್ಲಿಂದ ನಗರಕ್ಕೆ ಕುಡಿಯುವ ನೀರು ಎತ್ತುವುದೇ ನಿಂತಿತು. ಗೋಡೆ ಗಟ್ಟಿಯಾಗಿತ್ತು, ಎಂಜಿನಿಯರಿಂಗ್ ಚೆನ್ನಾಗಿತ್ತು. ನೀರು ಹುಟ್ಟುವ ನೆಲವನ್ನು ಯಾರ ಯೋಜನಾ ವರದಿಯೂ ತನ್ನ ಜವಾಬ್ದಾರಿ ಎಂದುಕೊಳ್ಳಲಿಲ್ಲ. ನನಗೆ ಈಗಲೂ ಸಂಕಟವಾಗುವುದು ಇದಕ್ಕೇ.

ಆದ್ದರಿಂದ ನಿನ್ನ ವರದಿಯಲ್ಲಿ ಜಲಾನಯನಕ್ಕೆ ಒಂದು ಅಧ್ಯಾಯ ಇರಲಿ, ಅದಕ್ಕೆ ಹಣವೂ ಇರಲಿ. ಕೆರೆಗೆ ನೀರು ತರುವ ರಾಜಕಾಲುವೆಗಳ ಸರ್ವೆ ನಂಬರ್ ಸಮೇತ ನಕ್ಷೆ ಹಾಕಿಸು. ಮೂಲದ ಇಳುವರಿಯನ್ನು ಒಳ್ಳೆಯ ವರ್ಷದ ಮೇಲೆ ಅಳೆಯಬೇಡ. ನೀರಾವರಿಯವರು ಶೇ 75ರ ಖಾತರಿಯಲ್ಲಿ ಲೆಕ್ಕ ಹಾಕುತ್ತಾರೆ, ನಾಲ್ಕು ವರ್ಷಕ್ಕೊಮ್ಮೆ ಕೊರತೆಯಾದರೆ ಬೆಳೆ ಬದಲಿಸಬಹುದು. ಕುಡಿಯುವ ನೀರಿಗೆ ಶೇ 95 ಬೇಕು. ಇಪ್ಪತ್ತರಲ್ಲಿ ಹತ್ತೊಂಬತ್ತು ವರ್ಷ ಸಿಗುವ ನೀರನ್ನು ಮಾತ್ರ ನಮ್ಮದು ಎಂದುಕೊಳ್ಳಬೇಕು, ಆ ಇಪ್ಪತ್ತನೇ ವರ್ಷಕ್ಕೂ ಬದಲಿ ಮೂಲ ಹೆಸರಿಸಿರಬೇಕು. ಹುಬ್ಬಳ್ಳಿ-ಧಾರವಾಡಕ್ಕೆ ನೀರಸಾಗರ ಕೆರೆ ಬತ್ತಿದಾಗಲೂ ಮಲಪ್ರಭೆಯ ರೇಣುಕಾಸಾಗರ ಕೈಹಿಡಿಯಿತು. ಒಂದೇ ಮೂಲ ಇದ್ದಿದ್ದರೆ ಆ ಊರಿನ ಗತಿ ಏನು?

ಹಂಚಿಕೆಯ ಆದೇಶವೂ ಲಿಖಿತವಾಗಿ ಕೈಯಲ್ಲಿರಲಿ. ಕಾವೇರಿ ನ್ಯಾಯಮಂಡಳಿ ಶುರುವಾದದ್ದು 1990ರಲ್ಲಿ. 2007ರ ಅದರ ಅಂತಿಮ ತೀರ್ಪು ಬೆಂಗಳೂರಿನ ಮೂರರಲ್ಲಿ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ಅಷ್ಟಕ್ಕೇ ನೀರಿನ ಲೆಕ್ಕ ಹಾಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ನಗರಕ್ಕೆಂದು 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. ಒಂದು ಸಂಖ್ಯೆ ಇತ್ಯರ್ಥವಾಗಲು 28 ವರ್ಷ. ನಿಮ್ಮ ಊರು ಕೃಷ್ಣೆಯ ಉಪನದಿಯ ಮೇಲಿದೆ. ಮೇಲಿನ ಏತ ನೀರಾವರಿಯವರು, ಕೆಳಗಿನ ರೈತರು, ಪಕ್ಕದ ತಾಲ್ಲೂಕಿನ ಬಹುಗ್ರಾಮ ಯೋಜನೆಯವರು ಅದೇ ನೀರಿನ ಮೇಲೆ ಕಣ್ಣಿಟ್ಟಿರುತ್ತಾರೆ, ಅವರದೂ ನ್ಯಾಯವಾದ ಬೇಡಿಕೆಯೇ. ಬೇಸಿಗೆಯಲ್ಲಿ ಜಿಲ್ಲಾಧಿಕಾರಿಗೆ ಪತ್ರ ಬರೆದು ಅಣೆಕಟ್ಟಿನಿಂದ ನೀರು ಬಿಡಿಸಿಕೊಳ್ಳುವುದನ್ನು ಯೋಜನೆ ಎನ್ನಲಾಗದು.

ಈಗ ಸೋರಿಕೆಯ ಲೆಕ್ಕ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್. ಮೂವತ್ತನೇ ವರ್ಷಕ್ಕೆ ನಿಮ್ಮಲ್ಲಿ 2 ಲಕ್ಷ ಜನ ಎಂದರೆ 27 ಎಂಎಲ್‌ಡಿ, ಅಂದರೆ ದಿನಕ್ಕೆ 2.7 ಕೋಟಿ ಲೀಟರ್ ಮನೆ ಮುಟ್ಟಬೇಕು. ಕೈಪಿಡಿ ಒಪ್ಪುವ ಶೇ 15ರ ನಷ್ಟ ಹಿಡಿದರೆ ಮೂಲದಿಂದ ಸುಮಾರು 32 ಎಂಎಲ್‌ಡಿ ಎತ್ತಬೇಕು. ನಷ್ಟ ಶೇ 40 ಇದ್ದರೆ 45 ಎತ್ತಬೇಕು. ನಡುವಿನ ಆ 13 ಎಂಎಲ್‌ಡಿ ಒಂದು ಚಿಕ್ಕ ಊರಿನ ಇಡೀ ಯೋಜನೆಗೆ ಸಮ. ಅದನ್ನು ಶುದ್ಧೀಕರಿಸಿ, ಕ್ಲೋರಿನ್ ಹಾಕಿ, ಕರೆಂಟು ಸುಟ್ಟು ಮೇಲೆತ್ತಿ ಮಣ್ಣಿಗೆ ಬಿಡುತ್ತೇವೆ. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಹತ್ತಿರ ಹತ್ತಿರ ಅರ್ಧ ನೀರಿಗೆ ಲೆಕ್ಕವೇ ಇರಲಿಲ್ಲ, ಇವತ್ತಿಗೂ ಕಾಲುಭಾಗಕ್ಕಿಂತ ಹೆಚ್ಚು ನೀರಿಗೆ ಲೆಕ್ಕವಿಲ್ಲ. ಅಲ್ಲಿ ನೀರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಾಗಿ, ಸುಮಾರು 500 ಮೀಟರ್ ಮೇಲಕ್ಕೆ ಏರಬೇಕು. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು, ಪಂಪಿನ ದಕ್ಷತೆ ಶೇ 70 ಎಂದು ಹಿಡಿದರೂ, ಹತ್ತಿರ ಹತ್ತಿರ 2 ಯುನಿಟ್ ವಿದ್ಯುತ್ ಬೇಕು. ಸೋರುವ ಪ್ರತಿ ಸಾವಿರ ಲೀಟರಿನ ಜೊತೆ ಅದೂ ಸೋರುತ್ತದೆ. ಹೊಸ ಹಂತದ ಪ್ರಸ್ತಾವಕ್ಕೆ ಮೊದಲು, ಊರಿಗೆ ಬರುವ ಒಟ್ಟು ನೀರನ್ನು ಅಳೆಯುವ ಬಲ್ಕ್ ಮೀಟರ್ ಹಾಕಿಸು. ಊರನ್ನು ವಲಯಗಳಾಗಿ ಒಡೆದು ರಾತ್ರಿ ಎರಡು ಗಂಟೆಯ ಹರಿವು ಅಳೆಯಿಸು. ಎಲ್ಲರೂ ಮಲಗಿರುವಾಗ ಓಡುವ ನೀರು ಬಹುಪಾಲು ಸೋರಿಕೆಯೇ. ಸೋರಿಕೆ ಹಿಡಿಯುವ ಕೆಲಸಕ್ಕೆ ಶಂಕುಸ್ಥಾಪನೆ ಇಲ್ಲ, ಫಲಕ ಇಲ್ಲ, ಆದ್ದರಿಂದ ಕೇಳುವವರೂ ಕಡಿಮೆ. ನೀನು ಕೇಳು.

ವಾರಕ್ಕೊಮ್ಮೆ ನೀರು ಬಿಡುವ ಪದ್ಧತಿಯನ್ನೇ ಮೂವತ್ತು ವರ್ಷಕ್ಕೆ ಮುಂದುವರಿಸುವ ವಿನ್ಯಾಸಕ್ಕೂ ಒಪ್ಪಬೇಡ. ಖಾಲಿ ಕೊಳವೆ ಬಿರುಕಿನಿಂದ ಚರಂಡಿ ನೀರನ್ನು ಒಳಗೆಳೆಯುತ್ತದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಲಯಗಳಲ್ಲಿ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದರು. ಹುಬ್ಬಳ್ಳಿ-ಧಾರವಾಡದಲ್ಲಿ ಆಮೇಲೆ ನಡೆದ ಅಧ್ಯಯನದಲ್ಲಿ ಸದಾ ಒತ್ತಡವಿರುವ ವಲಯಗಳ ನಲ್ಲಿ ನೀರೇ ಹೆಚ್ಚು ಶುದ್ಧವಾಗಿ ಕಂಡಿತು. ನಮ್ಮ ಊರುಗಳಲ್ಲಿ ಆಗುವುದಿಲ್ಲ ಎನ್ನುವವರಿಗೆ ಆ ಬಡಾವಣೆಗಳ ಹೆಸರು ಹೇಳು.

ಎಲ್ಲವನ್ನೂ ಮೂವತ್ತು ವರ್ಷಕ್ಕೆ ಹಿಗ್ಗಿಸಿ ಕಟ್ಟು ಎಂದು ಮಾತ್ರ ನಾನು ಹೇಳುತ್ತಿಲ್ಲ. ಮಗು ಬೆಳೆಯುತ್ತದೆಂದು ಅಪ್ಪನ ಅಳತೆಯ ಅಂಗಿ ಹೊಲಿಸಿದ ಹಾಗಾಗುತ್ತದೆ. ಅತಿ ದೊಡ್ಡ ಕೊಳವೆಯಲ್ಲಿ ನೀರು ತೆವಳುತ್ತದೆ, ಕ್ಲೋರಿನ್ ಆರಿಹೋಗುತ್ತದೆ, ಕೆಸರು ಕೂರುತ್ತದೆ. ನದಿಯಿಂದ ನೀರೆತ್ತುವ ಜಾಕ್‌ವೆಲ್ ಮತ್ತು ಆ ನೀರನ್ನು ಮೇಲಕ್ಕೊಯ್ಯುವ ರೈಸಿಂಗ್ ಮೇನ್ ಕೊಳವೆ ಪದೇ ಪದೇ ಕಟ್ಟಲಾಗದು, ಅವು ಪೂರ್ಣ ಅವಧಿಗೆ ಇರಲಿ. ಪಂಪು ಮತ್ತು ಮೋಟರು 15 ವರ್ಷಕ್ಕೆ ಸಾಕು. ಶುದ್ಧೀಕರಣ ಘಟಕವನ್ನು ಈಗ ಅರ್ಧ ಕಟ್ಟು, ಆದರೆ ಉಳಿದರ್ಧದ ಜಾಗವನ್ನು ಇವತ್ತೇ ಕೊಂಡು ಬೇಲಿ ಹಾಕಿಸು. ಇದನ್ನು ಎರಡು ಸಲ ಹೇಳುತ್ತೇನೆ, ಜಾಗ ಇವತ್ತೇ. ಹದಿನೈದು ವರ್ಷದ ನಂತರ ಅಲ್ಲಿ ಮೂರಂತಸ್ತಿನ ಮನೆಗಳಿರುತ್ತವೆ, ಟ್ಯಾಂಕ್‌ಗಾಗಿ ಉದ್ಯಾನವನ್ನೋ ಶಾಲೆಯ ಮೈದಾನವನ್ನೋ ಕೀಳಬೇಕಾಗುತ್ತದೆ.

ಆ ಹದಿನೈದನೇ ವರ್ಷದ ಪಂಪಿಗೆ ಹಣ ಎಲ್ಲಿಂದ ಎಂದು ವರದಿಯಲ್ಲೇ ಬರೆ. ಯೋಜನೆಗೆ ಸಾಲ, ಅನುದಾನ ಬರುತ್ತದೆ. ಸವೆತಕ್ಕೆ ಯಾರೂ ಕೊಡುವುದಿಲ್ಲ. ಬೆಂಗಳೂರು ಜಲಮಂಡಳಿ 2014ರಲ್ಲಿ ಏರಿಸಿದ ದರವನ್ನು ಮತ್ತೆ ಏರಿಸಿದ್ದು 2025ರಲ್ಲಿ. ನಡುವೆ ವಿದ್ಯುತ್ ದರ ಎಷ್ಟು ಸಲ ಏರಿತು ಎಂದು ನೆನಪು ಮಾಡಿಕೋ. ಬಡವರಿಗೆ ಮೊದಲ ಕೆಲವು ಸಾವಿರ ಲೀಟರ್ ಅಗ್ಗವಾಗಿಯೇ ಇರಲಿ, ಇರಲೇಬೇಕು. ದರವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸಿದರೆ ಜನ ಸಹಿಸುತ್ತಾರೆ. ಹತ್ತು ವರ್ಷ ಸುಮ್ಮನಿದ್ದು ಒಮ್ಮೆಗೇ ಏರಿಸಿದರೆ ಬೀದಿಗೆ ಬರುತ್ತಾರೆ, ಅದೂ ಸಹಜವೇ. ಸಭೆಯಲ್ಲಿ ಇದನ್ನು ಹೇಳಿದರೆ ಕೌನ್ಸಿಲರುಗಳ ಮುಖ ಗಂಟಾಗುತ್ತದೆ. ಅವರ ಮೇಲೆ ಸಿಟ್ಟಾಗಬೇಡ, ಅವರ ಚುನಾವಣೆ ಐದು ವರ್ಷಕ್ಕೊಮ್ಮೆ. ಮೂವತ್ತರ ಪರವಾಗಿ ಮಾತಾಡಲು ಆ ಕೋಣೆಯಲ್ಲಿರುವವಳು ನೀನೊಬ್ಬಳೇ ಆಗಿರಬಹುದು.

ಕೊಟ್ಟ ನೀರಿನಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಬರುತ್ತದೆ. ಅದೇ ಊರಿನ ಎರಡನೇ ಮೂಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಸಂಸ್ಕರಣೆಯ ಮಟ್ಟದ ಬಗ್ಗೆ ಅಲ್ಲಿನ ರೈತರು ಎತ್ತಿದ ಪ್ರಶ್ನೆಗಳನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ, ನೀನೂ ತೆಗೆದುಕೋ. ಆದರೂ ಉದ್ಯಾನಕ್ಕೆ, ಕಟ್ಟಡ ಕೆಲಸಕ್ಕೆ, ಕಾರ್ಖಾನೆಗೆ ನದಿಯ ಶುದ್ಧ ನೀರು ಕೊಡುವುದನ್ನು ಇನ್ನು ನಿಲ್ಲಿಸಬೇಕು. ಮಳೆನೀರು ಸಂಗ್ರಹ ಕಡ್ಡಾಯ ಮಾಡುವ ಉಪವಿಧಿಯನ್ನು ಯೋಜನೆಯ ಜೊತೆಗೇ ಮಂಡಿಸು. ಬೆಂಗಳೂರಿನಲ್ಲಿ 2009ರಲ್ಲೇ ಆ ಕಾನೂನು ಬಂತು.

ಇನ್ನೊಂದು ಕೆಲಸ ಈ ತಿಂಗಳೇ ಆಗಬೇಕು. ಹಳೇ ಕೊಳವೆಗಳು ಎಲ್ಲಿವೆ, ಯಾವ ವಾಲ್ವ್ ಯಾವ ಬೀದಿಗೆ ಎಂಬುದು ನಿಮ್ಮ ಕಚೇರಿಯ ನಕ್ಷೆಗಿಂತ ಹಿರಿಯ ವಾಲ್ವ್‌ಮನ್‌ಗಳ ತಲೆಯಲ್ಲಿ ಸರಿಯಾಗಿದೆ. ಅವರಲ್ಲಿ ಯಾರು ಮೊದಲು ನಿವೃತ್ತರಾಗುತ್ತಾರೆ ಎಂದು ಸಿಬ್ಬಂದಿ ಪಟ್ಟಿಯಲ್ಲಿ ನೋಡು. ಅವರ ಜೊತೆ ಬೀದಿ ಬೀದಿ ನಡೆದು ಪ್ರತಿ ವಾಲ್ವ್‌ಗೂ ಸಂಖ್ಯೆ ಕೊಡು, ಜಿಪಿಎಸ್ ಗುರುತು ಹಾಕಿಸು, ಕೊಳವೆಯ ವ್ಯಾಸ, ಹಾಕಿದ ವರ್ಷ, ಒಡೆದ ತಾರೀಖು ಎಲ್ಲ ರಿಜಿಸ್ಟರಿಗೆ ಏರಿಸು. ಅವರ ಹೆಸರನ್ನೂ ವರದಿಯಲ್ಲಿ ಹಾಕು. ಜಾಕ್‌ವೆಲ್ ಬಳಿ ನದಿಯ ಮಟ್ಟದ ಗೇಜ್ ಮುರಿದುಬಿದ್ದಿದ್ದರೆ ಫೆಬ್ರವರಿ ಮುಗಿಯುವುದರೊಳಗೆ ಹೊಸದು ನೆಡಿಸು. ಮಾರ್ಚ್‌ನಿಂದ ಮೊದಲ ಮುಂಗಾರು ಹರಿವಿನ ತನಕ ದಿನಾ ಬೆಳಿಗ್ಗೆ ಓದಿಸಿ ಬರೆಸು, ಭಾನುವಾರವೂ ಬಿಡಬೇಡ.