ಜಿಮ್ಮಿ ಪೇಜ್ ಹಾಡುಗಳು ಯಾರವು?

ಪ್ರಶ್ನೆ: ನಾನೂ ನನ್ನ ತಮ್ಮನೂ ‘ಲೆಡ್ ಝೆಪ್ಲಿನ್’ ಬ್ಯಾಂಡಿನ ಅಭಿಮಾನಿಗಳು. ಆದರೆ ಅದರ ಗಿಟಾರ್ ವಾದಕ ಜಿಮ್ಮಿ ಪೇಜ್ ಮಾತು ಬಂದರೆ ಮನೆಯಲ್ಲಿ ಜಗಳವೇ. ರಾಕ್ ಸಂಗೀತದಲ್ಲಿ ಅವರಷ್ಟು ದೊಡ್ಡವರಿಲ್ಲ ಎಂದು ನಾನು. ಅವರ ಹಾಡುಗಳಲ್ಲಿ ಅರ್ಧ ಬೇರೆಯವರಿಂದ ಎತ್ತಿದ್ದು, ವೇದಿಕೆಯ ಮೇಲೆ ಎಷ್ಟೋ ಸಲ ತಪ್ಪು ನುಡಿಸಿದ್ದಾರೆ ಎಂದು ಅವನು. ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿದೆಯಲ್ಲ ಎಂದರೆ, ರಾಜಿ ಮಾಡಿಕೊಂಡದ್ದೂ ಉಂಟಲ್ಲ ಎನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ಡ್ರಮ್ ನುಡಿಸುತ್ತಿದ್ದ ಜಾನ್ ಬೋನಮ್ 1980ರ ಸೆಪ್ಟೆಂಬರ್ 25ರಂದು ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಉಳಿದ ಮೂವರು ಬ್ಯಾಂಡನ್ನು ಮುಗಿಸಿದರು. ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ. ನಿಮ್ಮ ಮನೆಯ ಜಗಳದಲ್ಲಿ ಮೂರು ಪ್ರಶ್ನೆಗಳು ಕಲಸಿಹೋಗಿವೆ ಎಂದು ನನಗೆ ಅನಿಸುತ್ತದೆ. ಹಾಡು ಕಟ್ಟಿದವರು ಯಾರು ಎಂಬುದು ಒಂದು. ನುಡಿಸುವ ಕೈ ಎಷ್ಟು ಪಳಗಿದ್ದು ಎಂಬುದು ಇನ್ನೊಂದು. ಆ ತಂಡದ ಸದ್ದು ಹಾಗೆ ಬರಲು ಕಾರಣ ಯಾರು ಎಂಬುದು ಮೂರನೆಯದು. ಮೊದಲನೆಯದರಲ್ಲಿ ನಿಮ್ಮ ತಮ್ಮನ ಮಾತಿಗೆ ತೂಕವಿದೆ. ಮೂರನೆಯದರಲ್ಲಿ ನಿಮ್ಮದು ಸರಿ.

ಹಾಡಿನ ವಿಷಯದಿಂದಲೇ ಆರಂಭಿಸೋಣ. 1967ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ಥಿಯೇಟರಿನಲ್ಲಿ ‘ಯಾರ್ಡ್‌ಬರ್ಡ್ಸ್’ ತಂಡದ ಕಾರ್ಯಕ್ರಮವಿತ್ತು. ಆಗ ಪೇಜ್ ಆ ತಂಡದಲ್ಲಿದ್ದರು. ಅವರಿಗಿಂತ ಮೊದಲು ಜೇಕ್ ಹೋಮ್ಸ್ ಎಂಬ ಗಾಯಕ ವೇದಿಕೆಗೆ ಬಂದು ತಾವೇ ಬರೆದ ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’ ಹಾಡಿದರು. ಹಾಡು ಯಾರ್ಡ್‌ಬರ್ಡ್ಸ್‌ನವರಿಗೆ ಹಿಡಿಸಿತು. ತಾವೂ ನುಡಿಸತೊಡಗಿದರು. ಆ ತಂಡ ಒಡೆದು 1968ರಲ್ಲಿ ಪೇಜ್ ಹೊಸ ತಂಡ ಕಟ್ಟಿದಾಗ ಹಾಡೂ ಅವರ ಜೊತೆ ಬಂತು. 1969ರ ಜನವರಿಯಲ್ಲಿ ಲೆಡ್ ಝೆಪ್ಲಿನ್‌ನ ಮೊದಲ ಆಲ್ಬಮ್ ಹೊರಬಂದಾಗ ಹಾಡಿನ ಮುಂದೆ ಇದ್ದದ್ದು ಪೇಜ್ ಹೆಸರೊಂದೇ. ಹೋಮ್ಸ್ 2010ರಲ್ಲಿ ಮೊಕದ್ದಮೆ ಹೂಡಿದರು, ರಾಜಿಯಾಯಿತು. 2012ರಲ್ಲಿ ಬಂದ ‘ಸೆಲೆಬ್ರೇಷನ್ ಡೇ’ ಆಲ್ಬಮ್ಮಿನಲ್ಲಿ ‘ಜೇಕ್ ಹೋಮ್ಸ್ ಪ್ರೇರಣೆಯಿಂದ’ ಎಂಬ ಮಾತು ಸೇರಿತು. ಅಷ್ಟು ಹೊತ್ತಿಗೆ ನಲವತ್ತಮೂರು ವರ್ಷ ಕಳೆದಿತ್ತು.

ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು ಎಂದು ಅಭಿಮಾನಿಗಳು ಸಮಾಧಾನ ಹೇಳುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅದೇ ಮೊದಲ ಆಲ್ಬಮ್ಮಿನಲ್ಲಿ ಶಿಕಾಗೋದ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ ಅವರ ಎರಡು ಹಾಡುಗಳಿವೆ, ಎರಡಕ್ಕೂ ಡಿಕ್ಸನ್ ಹೆಸರೇ ಇದೆ. ಹೆಸರು ಹಾಕುವ ಪದ್ಧತಿ ತಂಡಕ್ಕೆ ಚೆನ್ನಾಗಿಯೇ ಗೊತ್ತಿತ್ತು ಎಂದಾಯಿತು. ಹೀಗಿದ್ದೂ ಅದೇ ವರ್ಷದ ಎರಡನೇ ಆಲ್ಬಮ್ಮಿನ ‘ಹೋಲ್ ಲಾಟಾ ಲವ್’ ಹಾಡಿಗೆ ಡಿಕ್ಸನ್ ಹೆಸರು ಬರಲಿಲ್ಲ. ಅದರ ಸಾಹಿತ್ಯದ ಬಹುಪಾಲು, ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ್ದ ಡಿಕ್ಸನ್ ಅವರ ‘ಯು ನೀಡ್ ಲವ್’ನಿಂದ ಬಂದದ್ದು. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದರು, 1987ರಲ್ಲಿ ರಾಜಿಯಾಯಿತು. ಆಮೇಲೆ ಹೆಸರು ಸೇರಿತು.

ಎಲ್ಲ ಪ್ರಕರಣಗಳೂ ಒಂದೇ ತರಹದವಲ್ಲ. ‘ಬೇಬ್ ಐಯಾಮ್ ಗೊನ್ನಾ ಲೀವ್ ಯು’ ಹಾಡನ್ನು ಜೋನ್ ಬಾಯೆಜ್ ಅವರ ರೆಕಾರ್ಡಿನಿಂದ ಕೇಳಿ, ಜಾನಪದ ಹಾಡೆಂದೇ ತಿಳಿದು ಪೇಜ್ ಎತ್ತಿಕೊಂಡಿದ್ದರು. ಅದನ್ನು ಬರೆದವರು ಆನ್ ಬ್ರೆಡನ್ ಎಂಬ ಮಹಿಳೆ. ಅವರ ಹೆಸರು 1990ರಿಂದ ಸೇರಿದೆ. ಇದನ್ನು ನಾನು ತಿಳಿಯದೆ ಆದ ತಪ್ಪು ಎನ್ನುತ್ತೇನೆ. ಹೋಮ್ಸ್ ವಿಷಯದಲ್ಲಿ ಹಾಗೆನ್ನಲಾರೆ.

ನಮ್ಮ ದಾಸರ ಪದಗಳನ್ನು ನೆನೆದುಕೊಂಡರೆ ಇಲ್ಲಿ ತಪ್ಪಿದ್ದೇನು ಎಂಬುದು ಬೇಗ ತಿಳಿಯುತ್ತದೆ. ಒಂದೇ ಪದವನ್ನು ಭೀಮಸೇನ ಜೋಶಿಯವರು ಒಂದು ಧಾಟಿಯಲ್ಲಿ ಹಾಡಿದರೆ ಕರ್ನಾಟಕ ಸಂಗೀತದವರು ಬೇರೆಯೇ ರಾಗದಲ್ಲಿ ಹಾಡುತ್ತಾರೆ. ಯಾರೂ ಆಕ್ಷೇಪಿಸುವುದಿಲ್ಲ. ಯಾಕೆಂದರೆ ಕೊನೆಯಲ್ಲಿ ‘ಪುರಂದರವಿಠಲ’ ಎಂಬ ಅಂಕಿತ ಬಂದೇ ಬರುತ್ತದೆ, ಪದ ಯಾರದೆಂದು ಹಾಡೇ ಹೇಳಿಬಿಡುತ್ತದೆ. ಬ್ಲೂಸ್ ಹಾಡುಗಳೂ ಬಾಯಿಂದ ಬಾಯಿಗೆ ಹೀಗೆಯೇ ಬೆಳೆದವು, ಆದರೆ ಅವುಗಳ ಒಳಗೆ ಅಂಕಿತವಿಲ್ಲ. ರೆಕಾರ್ಡಿನ ನಡುವಿನ ಚೀಟಿಯ ಮೇಲೆ ಅಚ್ಚಾದ ಹೆಸರೇ ಅಂಕಿತ. ರಾಯಧನವೂ ಆ ಹೆಸರಿಗೇ ಹೋಗುತ್ತದೆ. ಹಾಡನ್ನು ಹೊಸದಾಗಿ ಕಟ್ಟಿದ್ದರಲ್ಲಿ ಪೇಜ್ ತಪ್ಪು ಮಾಡಲಿಲ್ಲ. ಆ ಚೀಟಿಯ ಮೇಲೆ ತಪ್ಪು ಮಾಡಿದರು.

ಇನ್ನು ಕೋರ್ಟಿನ ವಿಷಯ. ಇಲ್ಲಿ ಗೊಂದಲವಾಗುವುದು ಸಹಜ, ಏಕೆಂದರೆ ನೀವು ಹೇಳುವ ತೀರ್ಪೂ ನಿಮ್ಮ ತಮ್ಮ ಹೇಳುವ ರಾಜಿಯೂ ಬೇರೆ ಬೇರೆ ಹಾಡುಗಳಿಗೆ ಸೇರಿದವು. ತೀರ್ಪು ಬಂದದ್ದು ‘ಸ್ಟೇರ್‌ವೇ ಟು ಹೆವನ್’ ಬಗ್ಗೆ. ಅದರ ಆರಂಭದ ಗಿಟಾರ್, ‘ಸ್ಪಿರಿಟ್’ ಎಂಬ ತಂಡ 1968ರಲ್ಲಿ ತಂದ ‘ಟಾರಸ್’ ಎಂಬ ಕೃತಿಯ ನಕಲು ಎಂದು 2014ರಲ್ಲಿ ದಾವೆ ಬಿತ್ತು. ಅದನ್ನು ರಚಿಸಿದ ರ್‍ಯಾಂಡಿ ಕ್ಯಾಲಿಫೋರ್ನಿಯಾ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಟ್ರಸ್ಟಿನ ಪರವಾಗಿ ಹೂಡಿದ ದಾವೆ ಅದು. ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ ಅವರಿಗೆ ‘ಟಾರಸ್’ ಕೇಳುವ ಅವಕಾಶವಿತ್ತು, ಆದರೆ ಎರಡು ಕೃತಿಗಳೂ ಕಾನೂನು ಕೇಳುವಷ್ಟು ಒಂದೇ ತರಹ ಇಲ್ಲ ಎಂದು 2016ರಲ್ಲಿ ಜ್ಯೂರಿ ಹೇಳಿತು. ಮೇಲ್ಮನವಿಯಲ್ಲಿ ಒಮ್ಮೆ ಅದು ರದ್ದಾಯಿತು. ಆಮೇಲೆ 2020ರ ಮಾರ್ಚ್‌ನಲ್ಲಿ ದೊಡ್ಡ ಪೀಠ ಜ್ಯೂರಿಯ ಮಾತನ್ನೇ ಎತ್ತಿಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಈ ಪ್ರಕರಣದಲ್ಲಿ ನನ್ನ ಒಲವು ಪೇಜ್ ಕಡೆಗೇ. ಎರಡರಲ್ಲೂ ಇರುವ ಸಾಮ್ಯವೆಂದರೆ ತಗ್ಗಿನ ಸ್ವರ ಒಂದೊಂದೇ ಸಣ್ಣ ಮೆಟ್ಟಿಲಿಳಿಯುತ್ತ ಬರುವ ನಡೆ. ಇಂಗ್ಲೆಂಡಿನ ಹೆನ್ರಿ ಪರ್ಸೆಲ್ ಹದಿನೇಳನೇ ಶತಮಾನದಲ್ಲೇ ಅದನ್ನು ಬಳಸಿದ್ದರು. ಅದು ಎಲ್ಲರ ಸೊತ್ತು. ಯಾವುದೋ ರಾಗದ ಆರೋಹಣ ನನ್ನದು ಎಂದು ಯಾರಾದರೂ ದಾವೆ ಹೂಡಲಾದೀತೆ? ಆದರೆ ಈ ತೀರ್ಪನ್ನು ತೋರಿಸಿ ಉಳಿದ ಹಾಡುಗಳಿಗೂ ಖುಲಾಸೆ ಬರೆದುಕೊಡಲು ಬರುವುದಿಲ್ಲ. ಹೋಮ್ಸ್ ಪ್ರಕರಣದಲ್ಲಿ ತೀರ್ಪೇ ಬರಲಿಲ್ಲ, ಡಿಕ್ಸನ್ ಪ್ರಕರಣದಲ್ಲೂ ಇಲ್ಲ. ಎರಡೂ ಮಾತುಕತೆಯಲ್ಲಿ ಮುಗಿದವು.

ವೇದಿಕೆಯ ಮೇಲಿನ ತಪ್ಪುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಮ್ಮ ತಮ್ಮ ಕೇಳಿಸಿಕೊಂಡದ್ದು ನಿಜ. ಪೇಜ್ ಕೆಲವು ರಾತ್ರಿ ಸ್ವರ ನುಂಗುತ್ತಿದ್ದರು, ಬೆರಳು ಮನಸ್ಸಿನಷ್ಟು ಓಡುತ್ತಿರಲಿಲ್ಲ. 1985ರ ಲೈವ್ ಏಡ್ ಕಾರ್ಯಕ್ರಮವನ್ನು ಅವರ ಅಭಿಮಾನಿಗಳೇ ಮರೆಯಲು ಬಯಸುತ್ತಾರೆ. ಆದರೆ ಅವರಿಗೆ ಅಚ್ಚುಕಟ್ಟಾಗಿ ನುಡಿಸಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಇಪ್ಪತ್ತು ತುಂಬುವ ಹೊತ್ತಿಗೇ ಅವರು ಲಂಡನ್ನಿನ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡುಗಳಿಗೆ ಕೂಲಿಯ ಮೇಲೆ ಗಿಟಾರ್ ನುಡಿಸುವ ಕೆಲಸದಲ್ಲಿದ್ದರು. ‘ದ ಹೂ’ ತಂಡದ ‘ಐ ಕಾಂಟ್ ಎಕ್ಸ್‌ಪ್ಲೇನ್’ನಲ್ಲಿ, ಶರ್ಲಿ ಬ್ಯಾಸಿ ಹಾಡಿದ ‘ಗೋಲ್ಡ್‌ಫಿಂಗರ್’ನಲ್ಲಿ ಅವರ ಗಿಟಾರ್ ಇದೆ. ಅಂಥ ಕಡೆ ತಪ್ಪುವವರಿಗೆ ಮರುದಿನ ಕರೆ ಬರುವುದಿಲ್ಲ.

ಆ ಕೂಲಿಯ ದಿನಗಳಲ್ಲೇ ಅವರು ಇನ್ನೊಂದು ವಿದ್ಯೆ ಕಲಿತರು. ಮೈಕನ್ನು ಎಲ್ಲಿಟ್ಟರೆ ಸದ್ದು ಹೇಗೆ ಬರುತ್ತದೆ ಎಂಬುದನ್ನು ಎಂಜಿನಿಯರುಗಳ ಪಕ್ಕದಲ್ಲಿ ನಿಂತು ನೋಡಿದರು. ಲೆಡ್ ಝೆಪ್ಲಿನ್‌ನ ಎಲ್ಲ ಆಲ್ಬಮ್‌ಗಳ ನಿರ್ಮಾಪಕರು ಪೇಜ್ ಅವರೇ. ಗಿಟಾರಿಗಿಂತಲೂ ಇದೇ ಅವರ ದೊಡ್ಡ ಕೊಡುಗೆ ಎಂಬುದು ನನ್ನ ಅಭಿಪ್ರಾಯ. ಎರಡು ಉದಾಹರಣೆ ಕೊಡುತ್ತೇನೆ.

ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಹೆಡ್ಲಿ ಗ್ರೇಂಜ್ ಎಂಬ ಕಲ್ಲಿನ ಮನೆಯಿದೆ. ಬಡವರನ್ನು ಇರಿಸಿಕೊಂಡು ದುಡಿಸಲೆಂದು 1795ರಲ್ಲಿ ಕಟ್ಟಿದ್ದು. ನಾಲ್ಕನೇ ಆಲ್ಬಮ್ಮಿಗಾಗಿ ತಂಡ ಅಲ್ಲಿ ಬೀಡುಬಿಟ್ಟಿತ್ತು, ಧ್ವನಿಮುದ್ರಣದ ವ್ಯಾನು ಅಂಗಳದಲ್ಲಿ ನಿಂತಿತ್ತು. ಬೋನಮ್ ಅವರ ಡ್ರಮ್ಮುಗಳನ್ನು ಮೆಟ್ಟಿಲ ಬುಡದ ಹಜಾರದಲ್ಲಿ ಇಟ್ಟರು. ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನ ಅಂತಸ್ತಿನಿಂದ ಎರಡು ಮೈಕುಗಳನ್ನು ಇಳಿಬಿಟ್ಟರು. ಪ್ರತಿ ಡ್ರಮ್ಮಿಗೂ ಬಾಯಿಗಿಟ್ಟಂತೆ ಮೈಕ್ ಇಡುವುದೇ ರೂಢಿಯಾಗುತ್ತಿದ್ದ ಕಾಲ ಅದು. ಇಲ್ಲಿ ಏಟು ಮೇಲೇರಿ, ಗೋಡೆಗೆ ತಾಗಿ, ಮೆಟ್ಟಿಲ ಬಾವಿಯನ್ನೆಲ್ಲ ತುಂಬಿಕೊಂಡು ಮೈಕಿಗೆ ಬಂತು. ‘ವೆನ್ ದ ಲೆವೀ ಬ್ರೇಕ್ಸ್’ ಆರಂಭದಲ್ಲಿ ಕೇಳುವುದು ಆ ಮನೆಯ ಸದ್ದು. ಹಾಡು ಮೂಲದಲ್ಲಿ ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ ಮೆಕಾಯ್ 1929ರಲ್ಲಿ ರೆಕಾರ್ಡ್ ಮಾಡಿದ್ದು. ಈ ಸಲ ಮಿನ್ನಿಯ ಹೆಸರು ಮೊದಲಿನಿಂದಲೇ ಅಚ್ಚಾಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇಬ್ಬರು ಗಿಟಾರ್ ಹಿಡಿದು ಕೂತು ಮುದ್ರಿಸಿದ ಪ್ರವಾಹದ ಹಾಡು ಇಲ್ಲಿ ಪ್ರವಾಹವೇ ಆಗಿದೆ.

ಎರಡನೆಯದು 1975ರ ‘ಕಾಶ್ಮೀರ್’. ಹೆಸರು ಕೇಳಿ ನಮ್ಮ ಕಾಶ್ಮೀರಕ್ಕೆ ಸಂಬಂಧವಿದೆ ಎಂದುಕೊಳ್ಳುವವರುಂಟು. ಪ್ಲಾಂಟ್ ಅದರ ಸಾಹಿತ್ಯ ಬರೆದದ್ದು ದಕ್ಷಿಣ ಮೊರಾಕೊದ ಮರುಭೂಮಿಯಲ್ಲಿ ಕಾರು ಓಡಿಸುತ್ತ ಹೋದ ಅನುಭವದಿಂದ. ನಮ್ಮವರ ಕಿವಿಗೆ ಹತ್ತಿರವಾಗುವ ಸಂಗತಿ ಬೇರೆ ಇದೆ, ಗಿಟಾರಿನ ಶ್ರುತಿ. ಪೇಜ್ ಇಲ್ಲಿ ಆರು ತಂತಿಗಳನ್ನು ಡಿ, ಎ, ಡಿ, ಜಿ, ಎ, ಡಿ ಎಂದು ಕೂಡಿಸಿದ್ದಾರೆ. ಡಿಯನ್ನು ಷಡ್ಜವೆಂದು ಹಿಡಿದರೆ ಅದು ಸ, ಪ, ಸ, ಮ, ಪ, ಸ ಆಗುತ್ತದೆ. ಕೈಯಲ್ಲಿ ತಂಬೂರಿಯನ್ನೇ ಹಿಡಿದಂತೆ! ಈ ಶ್ರುತಿಯನ್ನು ಬಳಕೆಗೆ ತಂದವರು ಡೇವಿ ಗ್ರಹಾಂ ಎಂಬ ಇನ್ನೊಬ್ಬ ಇಂಗ್ಲಿಷ್ ವಾದಕ, ಆ ಋಣವನ್ನೂ ನೆನೆಯಬೇಕು. ತಾಳವನ್ನು ಗಮನಿಸಿ. ಬೋನಮ್ ಚತುರಶ್ರದಲ್ಲಿ, ನಾಲ್ಕರ ಎಣಿಕೆಯಲ್ಲಿ ಬಾರಿಸುತ್ತಾರೆ. ಪೇಜ್ ಗಿಟಾರ್ ತಿಶ್ರದಲ್ಲಿ, ಮೂರರ ಎಣಿಕೆಯಲ್ಲಿ ಹೋಗುತ್ತದೆ. ಹನ್ನೆರಡು ಎಣಿಕೆಗೊಮ್ಮೆ ಇಬ್ಬರೂ ಬಂದು ಒಂದೇ ಕಡೆ ಕೂಡುತ್ತಾರೆ. ತನಿ ಆವರ್ತನ ಕೇಳಿ ಅಭ್ಯಾಸವಿದ್ದವರಿಗೆ ಬೆರಳೆಣಿಸುತ್ತ ಕೂತರೆ ಸಾಕು, ಗೊತ್ತಾಗುತ್ತದೆ.

ಭಾರತದ ನಂಟು ಬೇಕೆಂದರೆ ಅದೂ ಇದೆ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಮುಂಬಯಿಗೆ ಬಂದು, ಅಲ್ಲಿನ ವಾದ್ಯಗಾರರನ್ನು ಕೂಡಿಸಿಕೊಂಡು ‘ಫ್ರೆಂಡ್ಸ್’ ಮತ್ತು ‘ಫೋರ್ ಸ್ಟಿಕ್ಸ್’ ಎಂಬ ತಮ್ಮ ಎರಡು ಹಾಡುಗಳನ್ನು ಮತ್ತೆ ಮುದ್ರಿಸಿದರು. ಆ ಧ್ವನಿಮುದ್ರಣ 2015ರಲ್ಲಿ ಬಿಡುಗಡೆಯಾಗಿದೆ. ಹುಡುಕಿ ಕೇಳಿ.

ಮನೆಯಲ್ಲಿ ಮತ್ತೆ ಮಾತು ಬೆಳೆದರೆ ಹೀಗೆ ಮಾಡಿ. ತಮ್ಮನನ್ನು ಕೂರಿಸಿಕೊಂಡು ಮೊದಲು ಜೇಕ್ ಹೋಮ್ಸ್ ಹಾಡಿದ್ದನ್ನು ಕೇಳಿ, ಅದರ ಬೆನ್ನಿಗೇ ಝೆಪ್ಲಿನ್ ನುಡಿಸಿದ್ದನ್ನು ಕೇಳಿ. ತಗ್ಗಿನ ಸ್ವರಗಳು ಇಳಿದುಬರುವ ನಡೆ ಮೊದಲ ನಿಮಿಷದಲ್ಲೇ ಸಿಗುತ್ತದೆ, ಅಲ್ಲಿ ಅವನಿಗೆ ಸೋತುಬಿಡಿ. ನಂತರ ಪಿಟೀಲಿನ ಕಮಾನಿನಿಂದ ಗಿಟಾರನ್ನು ಉಜ್ಜುವ ಭಾಗ ಬರುವವರೆಗೆ ಕಾಯಿರಿ. ಅದು ಹೋಮ್ಸ್ ಹಾಡಿನಲ್ಲಿ ಇಲ್ಲ. ಕೊನೆಗೆ ಇಬ್ಬರೂ ಒಂದೊಂದು ಇಯರ್‌ಫೋನ್ ಹಾಕಿಕೊಂಡು ‘ಹೋಲ್ ಲಾಟಾ ಲವ್’ ಕೇಳಿ. ನಡುವಿನ ಭಾಗದಲ್ಲಿ ಸದ್ದು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಓಡಾಡುತ್ತದೆ. ಪೇಜ್ ಮತ್ತು ಎಂಜಿನಿಯರ್ ಎಡ್ಡಿ ಕ್ರೇಮರ್ ಗುಂಡಿಗಳನ್ನು ಕೈಯಾರೆ ತಿರುಗಿಸುತ್ತ ಮಾಡಿದ್ದು ಅದು. ನಾಲ್ಕನೇ ನಿಮಿಷದ ಆಸುಪಾಸಿನಲ್ಲಿ ಪ್ಲಾಂಟ್ ಹಾಡುವ ಮೊದಲೇ ಅವರ ದನಿ ದೂರದಿಂದ ಮಸುಕಾಗಿ ಕೇಳುತ್ತದೆ. ಟೇಪಿನಲ್ಲಿ ಉಳಿದುಹೋಗಿದ್ದ ಹಳೆಯ ದನಿ, ಅಳಿಸಲು ಆಗಲಿಲ್ಲ. ಅದಕ್ಕೆ ಒಂದಿಷ್ಟು ಮಾರ್ದನಿ ಸೇರಿಸಿ ಹಾಡಿನಲ್ಲೇ ಇಟ್ಟುಕೊಂಡರು.