ರಕ್ತದ ಕಿರುತಟ್ಟೆಗಳೂ ಸ್ನಾಯುರಜ್ಜುವಿನ ಗಾಯವೂ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ‘ಪ್ಲೇಟ್‌ಲೆಟ್’ ಎಂಬ ಮಾತನ್ನು ಕೇಳದವರು ವಿರಳ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈ ಸೀಮೆಯನ್ನೂ ಮುಟ್ಟಿತು. ಆ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು, ಎಂದರೆ ಕಿರುತಟ್ಟೆಗಳು, ಕಡಿಮೆಯಾಗುವುದುಂಟು. ಕಡಿಮೆಯಾದರೆ ಅಪಾಯವೆಂಬುದನ್ನು ಜನ ಬಲ್ಲರು. ಹಾಗಾದರೆ ಅವನ್ನು ಗಾಯದಲ್ಲಿ ಹೆಚ್ಚಾಗಿ ಕೂಡಿಸಿದರೆ ಲಾಭವುಂಟೆ? ಇದೇ ಈ ಲೇಖನದ ವಿಷಯ.

ಅಡಿಕೆಯ ಕೊನೆ ಕೊಯ್ಯುವವರು ಮರವೇರುವಾಗ ದೇಹದ ಭಾರವೆಲ್ಲ ಪಾದಗಳ ಮೇಲೆ ಬೀಳುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಕೈಗೂ ಬಿಡುವಿಲ್ಲ. ಸ್ನಾಯುವಿನ ಎಳೆತವನ್ನು ಎಲುಬಿಗೆ ಮುಟ್ಟಿಸುವ ಹುರಿಯೇ ಸ್ನಾಯುರಜ್ಜು. ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳಿಂದ ಹೆಣೆದ ಈ ಹುರಿ ಬಲು ಗಟ್ಟಿ. ಆದರೆ ಇದಕ್ಕೆ ರಕ್ತದ ಪೂರೈಕೆ ಅತ್ಯಲ್ಪ. ಆದುದರಿಂದಲೇ ನೊಂದ ರಜ್ಜು ಮಾಗಲು ತಿಂಗಳುಗಳೇ ಹಿಡಿಯುತ್ತವೆ. ದಿನಗೂಲಿಯವನಿಗೆ ಅಷ್ಟು ತಿಂಗಳೆಂದರೆ ಒಂದು ಸುಗ್ಗಿಯ ಸಂಪಾದನೆ.

ಕಿರುತಟ್ಟೆಗಳು ರಕ್ತವನ್ನು ಹೆಪ್ಪುಗಟ್ಟಿಸುವುದಲ್ಲದೆ, ಜೀವಕೋಶಗಳನ್ನು ಬೆಳೆಯಲು ಪ್ರಚೋದಿಸುವ ಪ್ರೋಟೀನುಗಳನ್ನೂ ಗಾಯದಲ್ಲಿ ಬಿಡುತ್ತವೆ. ರೋಗಿಯ ರಕ್ತದಿಂದಲೇ ಅವನ್ನು ಬೇರ್ಪಡಿಸಿ, ರಕ್ತ ಸಾಲದ ರಜ್ಜುವಿಗೆ ಸೂಜಿಯ ಮೂಲಕ ಸೇರಿಸಿದರೆ ಮಾಗುವಿಕೆ ಚುರುಕಾದೀತೆಂಬುದು ವೈದ್ಯರ ಊಹೆ.

ಬೇರ್ಪಡಿಸುವ ಕೆಲಸ ಶುದ್ಧ ಭೌತವಿಜ್ಞಾನ. ಕೆಂಪು ಕಣದ ಅಡ್ಡಳತೆ ಸುಮಾರು 7.5 ಮೈಕ್ರೋಮೀಟರ್, ಕಿರುತಟ್ಟೆಯದು 2.5. ದ್ರವದಲ್ಲಿ ಕಣವು ಇಳಿಯುವ ವೇಗ ಅದರ ಅಡ್ಡಳತೆಯ ವರ್ಗವನ್ನು ಅನುಸರಿಸುವುದರಿಂದ ಇಲ್ಲಿಯೇ 9 ಪಟ್ಟು ಅಂತರ. ಜೊತೆಗೆ ಕೆಂಪು ಕಣ ಹೆಚ್ಚು ಸಾಂದ್ರ. ಎರಡೂ ಕಣಗಳು ಗೋಳಗಳೆಂದು ಸ್ಥೂಲವಾಗಿ ಭಾವಿಸಿದರೆ, ಕೆಂಪು ಕಣ ಸುಮಾರು 20 ಪಟ್ಟು ಬೇಗ ಇಳಿಯುತ್ತದೆ. ರಕ್ತದ ನಳಿಕೆಯನ್ನು 10 ಸೆಂಟಿಮೀಟರ್ ತ್ರಿಜ್ಯದಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗಿಸಿದರೆ ಗುರುತ್ವದ ಸುಮಾರು 250 ಪಟ್ಟು ಬಲ ದೊರೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಕೆಂಪು ಕಣಗಳು ತಳ ಸೇರಿ, ಕಿರುತಟ್ಟೆಗಳು ಮೇಲಣ ಹಳದಿ ದ್ರವದಲ್ಲಿ ಉಳಿಯುತ್ತವೆ. ಆ ದ್ರವವನ್ನು ಮತ್ತೊಮ್ಮೆ ಇನ್ನೂ ವೇಗವಾಗಿ ತಿರುಗಿಸಿದರೆ ಕಿರುತಟ್ಟೆಗಳು ಒಂದೆಡೆ ಸಾಂದ್ರವಾಗುತ್ತವೆ.

ಯುಕ್ತಿ ಸೊಗಸಾದುದು. ಆದರೆ ಯುಕ್ತಿ ಸೊಗಸಾದ ಮಾತ್ರಕ್ಕೆ ಫಲ ಖಚಿತವಲ್ಲ, ಪ್ರಯೋಗವೇ ಪ್ರಮಾಣ. ಹಿಮ್ಮಡಿಯ ರಜ್ಜುವಿನ ಹಳೆಯ ನೋವಿರುವ 54 ಮಂದಿಯ ಮೇಲೆ ನಡೆದು, 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗವನ್ನು ನೋಡೋಣ. ಕೆಲವರಿಗೆ ಕಿರುತಟ್ಟೆಗಳನ್ನೂ ಉಳಿದವರಿಗೆ ಬರಿಯ ಉಪ್ಪುನೀರನ್ನೂ ಚುಚ್ಚಲಾಯಿತು. ಎಲ್ಲರೂ ವ್ಯಾಯಾಮ ಮಾಡಿದರು. ಇಬ್ಬಣದವರೂ ಸಮನಾಗಿ ಸುಧಾರಿಸಿದರು! 2021ರಲ್ಲಿ ಪ್ರಕಟವಾದ, 240 ಮಂದಿಯ ಬ್ರಿಟನ್ನಿನ ಪ್ರಯೋಗದಲ್ಲಿ ಚುಚ್ಚುಮದ್ದಿನ ಸೋಗಿಗಿಂತ ಕಿರುತಟ್ಟೆಗಳು ಮೇಲೆನಿಸಲಿಲ್ಲ. ಹರಿದ ಹಿಮ್ಮಡಿರಜ್ಜುವಿನ ವಿಷಯದಲ್ಲಿ 2019ರಲ್ಲಿ ಪ್ರಕಟವಾದ ಪ್ರಯೋಗದ ತೀರ್ಮಾನವೂ ಅದೇ. ಮೊಣಕೈಯ ಹೊರಬದಿಯ ನೋವಿಗೆ ಸಂಬಂಧಿಸಿದ ಹಲವು ಪ್ರಯೋಗಗಳನ್ನು 2021ರಲ್ಲಿ ಒಟ್ಟಾಗಿ ತೂಗಿದಾಗಲೂ ಗಣನೀಯ ಲಾಭ ಕಾಣಲಿಲ್ಲ.

ಹಾಗಾದರೆ ಚುಚ್ಚಿಸಿಕೊಂಡು ಗುಣವಾದವರು ಸುಳ್ಳು ಹೇಳುವರೆ? ಇಲ್ಲ. ಕಾಲವೂ ವ್ಯಾಯಾಮವೂ ಮಾಡಿದ ಉಪಕಾರವನ್ನು ಅವರು ಸೂಜಿಯ ಲೆಕ್ಕಕ್ಕೆ ಬರೆದಿರಬಹುದು. ಹೋಲಿಕೆಗೆ ಉಪ್ಪುನೀರಿನ ಬಣವೊಂದು ಇಲ್ಲದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳದು.

ರಜ್ಜುವಿನ ಹೊಸ ಎಳೆಗಳು ತಮ್ಮ ಮೇಲೆ ಬೀಳುವ ಎಳೆತದ ದಿಕ್ಕಿಗೇ ಸಾಲುಗೂಡುತ್ತವೆ. ಆದುದರಿಂದ ಹಳೆಯ ನೋವಿಗೆ, ತಜ್ಞರ ಸಲಹೆಯಂತೆ ಭಾರವನ್ನು ಹಂತಹಂತವಾಗಿ ಏರಿಸುವ ವ್ಯಾಯಾಮವೇ ಮೊದಲ ಚಿಕಿತ್ಸೆ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಮೆಲ್ಲನೆ ಇಳಿಸುವುದು ಅಂತಹ ಒಂದು ವ್ಯಾಯಾಮ. ರಜ್ಜು ಹರಿದಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು. ತೋಟದ ದುಡಿಮೆಯ ಹಣವನ್ನು ಸೂಜಿಗೆ ಸುರಿಯುವ ಮುನ್ನ ಒಂದು ಪ್ರಶ್ನೆ ಕೇಳುವುದು ಒಳಿತು: “ಇದು ಉಪ್ಪುನೀರಿಗಿಂತ ಮೇಲೆಂದು ಪ್ರಯೋಗ ತೋರಿಸಿದೆಯೆ?”