ಟೇಪು ಮೊದಲು, ಎಚ್‌ಪಿ ಆಮೇಲೆ

ಊರಲ್ಲಿ ಯಾರಾದರೂ ಟ್ರ್ಯಾಕ್ಟರ್ ತರುತ್ತಾರೆಂದು ಗೊತ್ತಾದರೆ ಮೊದಲು ಬರುವ ಪ್ರಶ್ನೆ ಎಷ್ಟು ಎಚ್‌ಪಿ ಎಂಬುದು. ಗುಬ್ಬಿ ಸೀಮೆಯ ನಮ್ಮ ಜಮೀನಿಗೆ ಮಿನಿ ಟ್ರ್ಯಾಕ್ಟರ್ ತರಲು ಹೊರಟಾಗಲೂ ಎಲ್ಲರೂ ಕೇಳಿದ್ದು ಅದನ್ನೇ. ಅಡಿಕೆ ತೋಟದವರು ಮಾತ್ರ ಬೇರೆಯದನ್ನು ಕೇಳಿಕೊಳ್ಳಬೇಕು: ಗಾಡಿ ಸಾಲಿನೊಳಗೆ ಹೋಗುತ್ತದೆಯೇ, ಸಾಲಿನ ತುದಿಯಲ್ಲಿ ತಿರುಗುತ್ತದೆಯೇ?

ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ 9 ಅಡಿ. ಕೇಳಲು ಧಾರಾಳವೇ. ತೋಟದಲ್ಲಿ ಟೇಪು ಹಿಡಿದು ನಿಂತರೆ ಲೆಕ್ಕ ಬದಲಾಗುತ್ತದೆ. ಬುಡದ ಪಕ್ಕ ಡ್ರಿಪ್ ಪೈಪು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಎರಡೂ ಕಡೆ ಬುಡದಿಂದ ಎರಡೆರಡು ಅಡಿ ಬಿಟ್ಟರೆ ಉಳಿಯುವುದು ಐದೇ ಅಡಿ. ನಡುವೆ ಬಾಳೆಯೋ ಕೋಕೋವೋ ಇದ್ದರೆ ಆ ಸಾಲಿಗೆ ಟ್ರ್ಯಾಕ್ಟರ್ ಮಾತೇ ಇಲ್ಲ, ಪವರ್ ಟಿಲ್ಲರ್ ಅಥವಾ ವೀಡರ್ ಸಾಕು. ಸಾಲಿನ ತುದಿಯಲ್ಲಿ ಬದುವೋ ಬಸಿಗಾಲುವೆಯೋ ಇದ್ದರೆ ತಿರುಗುವ ಜಾಗವನ್ನೂ ಅಳೆಯಬೇಕು.

ಅಳತೆ ಮುಗಿದ ಮೇಲೆ ಎಚ್‌ಪಿ. ಮಾರುಕಟ್ಟೆಯಲ್ಲಿ 15 ಎಚ್‌ಪಿಯ ಒಂಟಿ ಸಿಲಿಂಡರ್ ಮಹೀಂದ್ರ ಯುವರಾಜ್ 215 ಇದೆ, 18.5 ಎಚ್‌ಪಿಯ ವಿಎಸ್‌ಟಿ ಶಕ್ತಿ ಇದೆ. ಮಹೀಂದ್ರ ಜಿವೊ 245, ಕುಬೋಟ ನಿಯೋಸ್ಟಾರ್ ಬಿ2441 ಎರಡೂ 24 ಎಚ್‌ಪಿ, ಎರಡೂ ಫೋರ್ ವ್ಹೀಲ್ ಡ್ರೈವ್. ಕ್ಯಾಟಲಾಗಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುವುದು ಎಂಜಿನ್ನಿನ ಎಚ್‌ಪಿ. ರೋಟವೇಟರ್, ಸೋಗೆ ಪುಡಿ ಮಾಡುವ ಷ್ರೆಡ್ಡರ್, ಔಷಧಿ ಪಂಪು ಇವೆಲ್ಲ ತಿರುಗುವುದು ಹಿಂದಿನ ಪಿಟಿಒ ಶಾಫ್ಟಿನಿಂದ. ಅಲ್ಲಿಗೆ ತಲುಪುವ ಶಕ್ತಿ ಯಾವಾಗಲೂ ಕಡಿಮೆ. ಡೀಲರ್ ಬಳಿ ಕೇಳಬೇಕಾದದ್ದು ಆ ಪಿಟಿಒ ಎಚ್‌ಪಿಯನ್ನು.

ಫೋರ್ ವ್ಹೀಲ್‌ಗೆ ಹೆಚ್ಚು ದುಡ್ಡು ಕೊಡಬೇಕೇ ಎಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ. ಒಣ ಕೆಂಪು ಮಣ್ಣಿನ ಸಮತಟ್ಟು ಜಾಗಕ್ಕೆ ಟೂ ವ್ಹೀಲ್ ನಡೆಯುತ್ತದೆ. ನೀರು ಹಾಯಿಸಿದ ತೋಟದ ನೆರಳಲ್ಲಿ ಮಣ್ಣು ಬೇಗ ಆರುವುದಿಲ್ಲ. ಅಲ್ಲಿ ಹಿಂದಿನ ಚಕ್ರ ಒಂದೇ ಕಡೆ ಸುತ್ತಿ ಗುಂಡಿ ತೋಡಲು ಶುರು ಮಾಡಿದರೆ, ಗಾಡಿಯನ್ನು ಎಳೆದು ತೆಗೆಯಲು ಇನ್ನೊಂದು ಗಾಡಿಯನ್ನು ಸಾಲಿನೊಳಗೆ ತರುವುದೂ ಕಷ್ಟ. ನಾವು ಫೋರ್ ವ್ಹೀಲ್ ಆರಿಸಿದ್ದು ಇದೊಂದೇ ಕಾರಣಕ್ಕೆ.

ಸಲಕರಣೆಗಳ ವಿಷಯದಲ್ಲಿ ಮೊದಲು ಮನಸ್ಸು ಹೋಗುವುದು ರೋಟವೇಟರ್ ಮೇಲೆ. ಕೊಳ್ಳುವ ಮುಂಚೆ ಹಿಂದಿನ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ರೋಟವೇಟರ್ ಅದಕ್ಕಿಂತ ಕಿರಿದಾಗಿದ್ದರೆ ಹಿಂದೆ ಟೈರಿನ ಗುರುತು ಹಾಗೇ ಉಳಿದು, ಮಣ್ಣು ಗಟ್ಟಿಯಾಗುತ್ತ ಹೋಗುತ್ತದೆ. ಅಡಿಕೆಯ ಬೇರು ತಾಯಿಬೇರಲ್ಲ, ನಾರುಬೇರು. ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ವರ್ಷಕ್ಕೆ ನಾಲ್ಕಾರು ಸಲ ಆಳವಾಗಿ ಹೊಡೆದರೆ ಕಳೆಯ ಜತೆ ಆ ಬೇರೂ ಕತ್ತರಿಸಿಹೋಗುತ್ತದೆ. ನಮ್ಮ ತೋಟದಲ್ಲಿ ರೋಟವೇಟರ್ ಈಗ ಸಾಲಿನ ನಡುವೆ ಮಾತ್ರ, ಅದೂ ಮೇಲುಮೇಲಕ್ಕೆ.

ಹೆಚ್ಚು ದುಡಿಯುವುದು ಸಣ್ಣ ಟ್ರೈಲರ್. ಗೊಬ್ಬರ, ಅಡಿಕೆ ಗೊನೆ, ತೆಂಗಿನಕಾಯಿ, ಸೋಗೆ ಎಲ್ಲಕ್ಕೂ ಅದೇ ಬೇಕು. ಎರಡನೆಯದು ಷ್ರೆಡ್ಡರ್: ಸೋಗೆ, ತೆಂಗಿನ ಗರಿ ಪುಡಿಯಾಗಿ ಬುಡಕ್ಕೇ ಮುಚ್ಚಿಗೆಯಾಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಲೆನಾಡಿನವರಿಗೆ ಪಿಟಿಒ ಪಂಪು ಉಪಯೋಗಿ. ದ್ರಾವಣದಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದ ಕೆಲಸ ಮುಗಿದ ದಿನವೇ ತೊಳೆಯಬೇಕು. ಪಲ್ಟಿ ನೇಗಿಲನ್ನು ನಾವು ಕೊಳ್ಳಲಿಲ್ಲ. ರಾಗಿ ಹೊಲಕ್ಕೆ ಮಾಗಿ ಉಳುಮೆ ಮಾಡಲು ಊರಿನ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯುವುದೇ ಅಗ್ಗ. ಮಿನಿ ಟ್ರ್ಯಾಕ್ಟರ್‌ನಿಂದ ಗಟ್ಟಿ ನೆಲ ಸೀಳಿಸಲು ಹೋದರೆ ಡೀಸೆಲ್ಲೂ ದಂಡ, ಗಾಡಿಗೂ ಪೆಟ್ಟು.

ಓಡಿಸಲು ಕೂತವರು ಕಾಲ ಬಳಿ ನೋಡಬೇಕು. ಬಲಗಡೆ ಎರಡು ಬ್ರೇಕ್ ಪೆಡಲ್‌ಗಳಿರುತ್ತವೆ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಹೊಲದಲ್ಲಿ ಒಂದನ್ನೇ ಒತ್ತಿ ಕಿರಿದಾದ ಜಾಗದಲ್ಲಿ ತಿರುಗಿಸಬಹುದು. ರಸ್ತೆಗೆ ಇಳಿಯುವ ಮುಂಚೆ ಎರಡನ್ನೂ ಸೇರಿಸುವ ಪಟ್ಟಿಯನ್ನು ಹಾಕಲೇಬೇಕು. ಮರೆತರೆ ಬ್ರೇಕ್ ಒತ್ತಿದ ಕ್ಷಣ ಗಾಡಿ ಒಂದೇ ಬದಿಗೆ ಎಳೆಯುತ್ತದೆ, ಹಿಂದೆ ಟ್ರೈಲರ್ ತುಂಬಿದ್ದರೆ ಮಗುಚಲೂಬಹುದು. ಪಿಟಿಒ ಶಾಫ್ಟ್ ಸಾಮಾನ್ಯವಾಗಿ ಒಂದು ನಿಮಿಷಕ್ಕೆ 540 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಟವೆಲ್ಲೋ ಪಂಚೆಯ ತುದಿಯೋ ಅದಕ್ಕೆ ಸಿಕ್ಕರೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚವನ್ನು ಅಡ್ಡಿಯೆಂದು ಕಿತ್ತೆಸೆಯುವ ರೂಢಿ ಹಳ್ಳಿಗಳಲ್ಲಿದೆ. ನಮ್ಮಲ್ಲಿ ಕವಚವಿಲ್ಲದ ಶಾಫ್ಟ್ ಜೋಡಿಸುವುದಿಲ್ಲ.

ದುಡ್ಡಿನ ಲೆಕ್ಕ ಈಗ ಸ್ವಲ್ಪ ಹಗುರ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೃಷಿ ಯಾಂತ್ರೀಕರಣ ಯೋಜನೆಯ ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಬೇಕು, ರೈತರ ಗುರುತಿನ ಎಫ್‌ಐಡಿ ಸಂಖ್ಯೆ ಬೇಕು. ಮಿನಿ ಟ್ರ್ಯಾಕ್ಟರ್‌ಗೆ ಎಷ್ಟು ಸಿಗುತ್ತದೆ ಎಂಬ ಮಿತಿಯನ್ನು ಅಲ್ಲೇ ವಿಚಾರಿಸಿ, ಮಂಜೂರಾತಿ ಬಂದ ಮೇಲೆಯೇ ಬಿಲ್ ಮಾಡಿಸಿ. ಬೆಲೆಯಲ್ಲಿ ಹತ್ತಿಪ್ಪತ್ತು ಸಾವಿರ ವ್ಯತ್ಯಾಸವಿದ್ದರೂ ಹತ್ತಿರದಲ್ಲಿ ಮೆಕ್ಯಾನಿಕ್ ಮತ್ತು ಬಿಡಿಭಾಗ ಸಿಗುವ ಕಂಪನಿಯದ್ದೇ ಲೇಸು. ಕೊಯ್ಲಿನ ಸಮಯದಲ್ಲಿ ಒಂದು ಆಯಿಲ್ ಸೀಲಿಗಾಗಿ ವಾರ ಕಾಯುವಂತಾದರೆ ಆ ಉಳಿತಾಯ ಕೂಲಿಗೇ ಹೋಗುತ್ತದೆ.

ಕೊಳ್ಳಲು ಅವಸರವಿಲ್ಲದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ನೆರೆಯವರಲ್ಲೋ ಮಿನಿ ಟ್ರ್ಯಾಕ್ಟರ್ ಸಿಕ್ಕರೆ ಬಾಡಿಗೆಗೆ ತಂದು ಒಂದು ದಿನ ದುಡಿಸಿ. ಸಿಗದಿದ್ದರೆ ಷೋರೂಂನವರಿಗೇ ಹೇಳಿ ಡೆಮೊ ಗಾಡಿಯನ್ನು ತೋಟಕ್ಕೆ ತರಿಸಿ. ಡ್ರೈವರ್ ಅವರದಿರಲಿ, ಸಾಲು ನಿಮ್ಮದಿರಲಿ. ಮುಂಗಡ ಕೊಡುವುದು ಆಮೇಲೆ.